ಸೊಸೆ ಕಂಪ್ಯೂಟರಿಗೆ ಡಿಸ್ಪ್ಲೇ ಬರ್ಲಿಲ್ಲ

ಹೋದ್ಸಲ ಹುರುಳಿಕಾಳು ಬಸ್ಸಾರಿನ ಬಗ್ಗೆ ಬರ್ದಿದ್ದೆ. ಈ ಸಲ ಒಲೆ ಬಿಟ್ಟು ಕಂಪ್ಯೂಟರ್ ಕಡೆಗೆ ಬಂದಿವ್ನಿ, ನಗಬ್ಯಾಡಿ. ನಮ್ಮ ಹುಣಸೂರಲ್ಲೂ ಈಗ ಮನೇಲೇ ಕಂಪ್ಯೂಟರ್ ಇಟ್ಕೊಂಡು ನಾಕು ಕಾಸು ದುಡಿಯೋ ಹೆಣ್ಮಕ್ಕಳು ಅವ್ರೆ. ಒಬ್ಳು ಅಂಗಡಿಯೋರ ಲೆಕ್ಕ ಬರ್ಕೊಡ್ತಾಳೆ, ಒಬ್ಳು ಅರ್ಜಿ ಟೈಪ್ ಮಾಡ್ಕೊಡ್ತಾಳೆ, ಇನ್ನೊಬ್ಳು ಮಕ್ಕಳಿಗೆ ಪಾಠ ಹೇಳ್ತಾಳೆ. ಹೊಲಿಗೆ ಮಿಷನ್ ಕೆಟ್ರೆ ನಾವೇ ಸೂಜಿ ನೋಡ್ತೀವಿ, ಬಾಬಿನ್ ನೋಡ್ತೀವಿ, ಬೆಲ್ಟ್ ನೋಡ್ತೀವಿ. ಮಿಕ್ಸಿ ನಿಂತೋದ್ರೆ ತಳದಲ್ಲಿರೋ ಕೆಂಪು ಗುಂಡಿ ಒತ್ತಿ ನೋಡ್ತೀವಿ. ಕಂಪ್ಯೂಟರ್ ಕೆಟ್ರೆ ಮಾತ್ರ ಕೈ ಕಟ್ಕೊಂಡು ನಿಂತು, ಯಾರೋ ಬಂದು ಹೇಳಿದ ರೇಟಿಗೆ ಹೂಂ ಅಂತೀವಿ. ಅದಕ್ಕೇ ಇದನ್ನ ಬರ್ದಿಡ್ತಾ ಇವ್ನಿ.

ನಾನು ಓದಿರೋದು ಪಿಯುಸಿ, ಅದೂ ಆರ್ಟ್ಸು. ನಮ್ಮ ಕಾಲ್ದಲ್ಲಿ ಕಾಲೇಜಲ್ಲಿ ಕಂಪ್ಯೂಟರ್ ಅನ್ನೋದನ್ನ ಕಣ್ಣಲ್ಲೂ ನೋಡಿರ್ಲಿಲ್ಲ. ಆದ್ರೂ ಇದು ನಮ್ಗೆ ಅರ್ಥ ಆಗ್ದೇ ಇರೋ ಅಂಥ ವಿಷ್ಯ ಅಲ್ಲ ಕಣ್ರಿ.

ನಮ್ಮ ಸೊಸೆ ಮದುವೆ ಆಲ್ಬಮ್ ಡಿಸೈನ್ ಮಾಡ್ತಾಳೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಫೋಟೊ ಸ್ಟುಡಿಯೋದೋರು ಅವ್ಳಿಗೆ ಫೋಟೊ ಕಳಸ್ತಾರೆ. ಅವ್ಳು ಆರಿಸಿ, ಬಣ್ಣ ಸರಿ ಮಾಡಿ, ಹಾಳೆ ಹಾಳೆ ಜೋಡಿಸಿ, ಹೆಣ್ಣು ಗಂಡಿನ ಹೆಸ್ರನ್ನ ನುಡೀಲಿ ಚೆಂದಾಗಿ ಕನ್ನಡದಲ್ಲಿ ಹೊಡ್ದು ವಾಪಸ್ ಕಳಸ್ಬೇಕು. ಹಾಳೆಗಿಷ್ಟು ಅಂತ ದುಡ್ಡು. ಮೊಮ್ಮಗನ್ನ ಮಲಗ್ಸಿ ರಾತ್ರಿ ಹನ್ನೊಂದು ಗಂಟೆವರ್ಗೂ ಕೂತಿರ್ತಾಳೆ. ಮನೆ ಖರ್ಚಿಗೆ, ಕೂಸಿನ ಸ್ಕೂಲ್ ಫೀಸಿಗೆ ಅದೇ ದುಡ್ಡು ಆಗೋದು.

ಕಂಪ್ಯೂಟರ್ ಹಳೇದು. ಮೂವತ್ತು ನಲವತ್ತು ದೊಡ್ಡ ಫೋಟೊ ಒಟ್ಟಿಗೆ ತೆಗುದ್ರೆ ಉಸಿರು ಕಟ್ಟಿದಂಗೆ ನಿಂತ್ಬುಡೋದು. ಅದ್ರ ಜೊತೆಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನೋರು ಮಾಮೂಲಿ ಅಪ್‌ಡೇಟ್ ಕೊಡೋದು ನಿಲ್ಸಿದ್ಮೇಲೆ, ಹೊಸದು ತಗೊ ಇಲ್ಲಾ ಹಳೇದಕ್ಕೆ ಪಾರ್ಟ್ ಹಾಕ್ಸು ಅನ್ನೋ ಮಾತು ಎಲ್ರ ಬಾಯಲ್ಲೂ. ಹೊಸದು ತಗೊಳೋಕೆ ಆಗಲ್ಲ ಅಂತ ಅವ್ಳು ಸಂಘದಲ್ಲಿ ಸಾಲ ತೆಗೆದು ಎರಡು ಸಾಮಾನು ತರಿಸ್ಕೊಂಡ್ಲು. ಒಂದು 8 ಜಿಬಿ ರ‍್ಯಾಮ್, ಮೊದ್ಲೇ ಇದ್ದ 8 ಜಿಬಿ ಪಕ್ಕಕ್ಕೆ ಹಾಕೋಕೆ. ಇನ್ನೊಂದು ಗ್ರಾಫಿಕ್ಸ್ ಕಾರ್ಡು.

ತಿಳೀದೇ ಇರೋರಿಗೆ ಹೇಳ್ಬುಡ್ತೀನಿ. ರ‍್ಯಾಮ್ ಅಂದ್ರೆ ಅಡುಗೆ ಕಟ್ಟೆ ಇದ್ದಂಗೆ. ಉಗ್ರಾಣದಲ್ಲಿ ಸಾಮಾನು ಎಷ್ಟೇ ಇದ್ರೂ ಕಟ್ಟೆ ಮೇಲೆ ಹರಡಿಕೊಂಡಷ್ಟೇ ಕೈಗೆ ಸಿಗೋದು. ಕಟ್ಟೆ ಚಿಕ್ಕದಾದ್ರೆ ಒಂದು ಎತ್ತಿಟ್ಟು ಇನ್ನೊಂದು ತಗೀಬೇಕು, ಅದಕ್ಕೇ ನಿಧಾನ. ಉಗ್ರಾಣ ಅಂದ್ರೆ ಹಾರ್ಡ್ ಡಿಸ್ಕು, ಫೋಟೊ ಎಲ್ಲ ಇರೋದು ಅಲ್ಲಿ. ಗ್ರಾಫಿಕ್ಸ್ ಕಾರ್ಡು ಪರದೆ ಮೇಲೆ ಚಿತ್ರ ಮೂಡ್ಸೋದು. ಇವೆಲ್ಲ ಬಂದು ಕೂರೋ ದೊಡ್ಡ ಹಲಗೆಗೆ ಮದರ್‌ಬೋರ್ಡ್ ಅಂತಾರೆ. ಕರೆಂಟ್ ಹಂಚೋ ಡಬ್ಬ ಎಸ್‌ಎಂಪಿಎಸ್ಸು. ನಾವೆಲ್ಲ ಸಿಪಿಯು ಸಿಪಿಯು ಅಂತ ಕರಿಯೋ ಡಬ್ಬದೊಳಗೆ ಇಷ್ಟೇ ಇರೋದು.

ಅಂಗಡಿ ಹುಡುಗ ಒಂದು ಸಂಜೆ ಬಂದು ಎರಡನ್ನೂ ಒಟ್ಟಿಗೇ ಹಾಕ್ದ. ಸ್ವಿಚ್ ಹಾಕಿದ್ರೆ ಲೈಟು ಬಂತು, ಫ್ಯಾನು ತಿರುಗ್ತು, ಪರದೆ ಮಾತ್ರ ಕಪ್ಪು. ‘ನೋ ಸಿಗ್ನಲ್’ ಅಂತ ಒಂದು ಸಾರಿ ತೋರ್ಸಿ ಮಲಗ್ಬುಡ್ತು. ಅಂವ ಅಲ್ಲಿ ಅಲ್ಲಾಡ್ಸಿ ಇಲ್ಲಿ ಅಲ್ಲಾಡ್ಸಿ, "ಬೋರ್ಡು ಹೋಗದೆ ಕನಕ್ಕ. ಬೋರ್ಡು, ಪ್ರೊಸೆಸರ್ ಎರಡೂ ಬದಲಾಯ್ಸಬೇಕು, 14,000 ಆಯ್ತದೆ. ನಾಳಿದ್ದು ಅಂಗಡಿಗೆ ತಂದ್ಬುಡಿ" ಅಂತ ಬ್ಯಾಗ್ ತಗೊಂಡು ಹೊಂಟೋದ.

ಸೊಸೆ ಮುಖ ನೋಡೋಕಾಗ್ಲಿಲ್ಲ. ದುಡ್ಡಿನ ಚಿಂತೆ ಒಂದು ಕಡೆ. ಇನ್ನೊಂದು ಚಿಂತೆ ಅದಕ್ಕಿಂತ ದೊಡ್ಡದು. ಕೆ.ಆರ್. ನಗರ ಕಡೆಯ ಒಂದು ಮನೆಯೋರ ಮದುವೆ ಫೋಟೊ ಆ ಡಬ್ಬದಲ್ಲೇ ಇದ್ದೋ. ಮದುವೆ ಆಗಿ ಮೂರು ವಾರಕ್ಕೆ ಹೆಣ್ಣಿನ ಅಜ್ಜಿ ತೀರ್ಕೊಂಡಿದ್ರು. ಫೋಟೊ ತೆಗೆದೋರು ಕ್ಯಾಮೆರಾ ಕಾರ್ಡು ಅಳಿಸಿ ಬೇರೆ ಮದುವೆಗೆ ಬಳಸ್ಬುಟ್ಟಿದ್ರು. ಆ ಅಜ್ಜಿ ಮೊಮ್ಮಗಳಿಗೆ ಅಕ್ಷತೆ ಹಾಕೋ ಫೋಟೊ ಇದ್ದಿದ್ದು ಇಲ್ಲಿ ಒಂದೇ ಕಡೆ. "ಅತ್ತೆ, ಅವ್ರಿಗೆ ಏನಂತ ಹೇಳ್ಲಿ" ಅಂತ ಕೂತ್ಬುಟ್ಲು. ಮಗ ಗಾಡಿ ತಗೊಂಡು ಹೊರಗಡೆ ಹೋಗಿದ್ದ. ನಮ್ಮ ಯಜಮಾನ್ರು, "ನಾಳಿದ್ದು ಅಂಗಡಿಗೆ ಹಾಕ್ಬುಡಿ, ನಿಮ್ಗ್ಯಾಕೆ ಬಿಚ್ಚೋ ಕೆಲ್ಸ" ಅಂದ್ರು.

ನಮ್ಮಣ್ಣನ ಮಗ ಬೆಂಗ್ಳೂರಲ್ಲಿ ಇದೇ ಕಸುಬಿನಲ್ಲಿ ಅವ್ನೆ. ಅವನಿಗೆ ವಿಡಿಯೋ ಕಾಲ್ ಹಾಕಿದ್ವು. ಅಂವ ಮೊದ್ಲು ಹೇಳಿದ ಮಾತು ಎಲ್ಲಾರೂ ನೆನಪಲ್ಲಿ ಇಟ್ಕೊಳಿ: "ಅತ್ತೆ, ಪರದೆ ಕಪ್ಪಾದ್ರೆ ಫೋಟೊ ಹೋಯ್ತು ಅಂತ ಯಾರು ಹೇಳಿದ್ದು? ಹಾರ್ಡ್ ಡಿಸ್ಕ್ ಬೇರೆ, ಡಿಸ್ಪ್ಲೇ ಬೇರೆ. ಬೋರ್ಡು ನಿಜವಾಗ್ಲೂ ಸುಟ್ಟೋಗಿದ್ರೂ ಆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಫೋಟೊ ತಗೋಬಹುದು." ಅದು ಕೇಳಿದ್ಮೇಲೆ ಸೊಸೆ ಎದ್ದು ಮುಖ ತೊಳ್ಕೊಂಡು ಬಂದ್ಲು.

ಎರಡನೇ ಮಾತು ಒಂದು ಪ್ರಶ್ನೆ: "ಕೆಡೋಕೆ ಮುಂಚೆ ಕೊನೇಲಿ ಏನು ಬದಲಾಯ್ಸಿದ್ರಿ?"

ಈ ಪ್ರಶ್ನೆ ನಂಗೆ ಹೊಸದಲ್ಲ. ನನ್ನ ತವರು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯೋ ಮನೆ. ಬ್ಯಾರನ್ನಿಗೆ ಸೊಪ್ಪು ಏರ್ಸಿದ್ರೆ ಐದಾರು ದಿನ ಹಗಲು ರಾತ್ರಿ ಕಾವು ನೋಡ್ಕೊಬೇಕು. ಮೊದ್ಲು ಸಣ್ಣ ಕಾವಲ್ಲಿ ಸೊಪ್ಪು ಹಳದಿ ತಿರುಗ್ಬೇಕು, ಆಮೇಲೆ ಎಲೆ ಒಣಗ್ಬೇಕು, ಕೊನೇಗೆ ಜೋರು ಕಾವಲ್ಲಿ ನಡುನರ ಒಣಗ್ಬೇಕು. ಬಣ್ಣ ಕೆಡ್ತಾ ಬಂದ್ರೆ ಅಪ್ಪ, "ಬ್ಯಾರನ್ನೇ ಸರಿಯಿಲ್ಲ" ಅಂತ ಕೂಗಾಡ್ತಿರ್ಲಿಲ್ಲ. ನಿನ್ನೆ ರಾತ್ರಿ ಸೌದೆ ಬದಲಾಯ್ತಾ, ಮೇಲಿನ ಕಿಟಕಿ ಯಾರಾದ್ರೂ ತೆಗೆದ್ರಾ, ಕೊಳವೆಲಿ ಎಲ್ಲಾದ್ರೂ ತೂತು ಬಿತ್ತಾ ಅಂತ ಒಂದೊಂದೇ ನೋಡೋರು. ನಿನ್ನೆವರ್ಗೂ ಸರಿಯಾಗಿದ್ದದ್ದು ಇವತ್ತು ಕೆಟ್ರೆ, ಇವತ್ತು ಏನು ಹೊಸದಾಗಿ ಆಯ್ತೋ ಅಲ್ಲಿಂದ ಹುಡುಕ್ಬೇಕು. ಕಂಪ್ಯೂಟರಿಗೂ ಅದೇ ಲೆಕ್ಕ ಕಣ್ರಿ.

ಮೊದ್ಲು ಡಬ್ಬ ಬಿಚ್ಚದೇನೇ ಹೊರಗಡೆ ನೋಡಿದ್ವು. ಮಾನಿಟರ್ ಸರಿ ಅದೆಯಾ? ಡಬ್ಬದಿಂದ ಬರೋ ವೈರ್ ಕಿತ್ತು ಮಾನಿಟರ್ ಒಂದನ್ನೇ ಆನ್ ಮಾಡಿದ್ರೆ ‘ನೋ ಸಿಗ್ನಲ್’, ‘ಚೆಕ್ ಕೇಬಲ್’ ಅಂತ ಏನಾದ್ರೂ ಬರುತ್ತೆ. ಬಂದ್ರೆ ಪರದೆ ಬದುಕಿದೆ ಅಂತ ಅರ್ಥ. ಮಾನಿಟರಿನ ಕೆಳಗೋ ಪಕ್ಕದಲ್ಲೋ ಇರೋ ಗುಂಡೀಲಿ ಎಚ್‌ಡಿಎಂಐ, ವಿಜಿಎ ಅಂತ ಆರಿಸೋದು ಇರುತ್ತೆ. ವೈರ್ ಒಂದ್ರಲ್ಲಿ, ಮಾನಿಟರ್ ಇನ್ನೊಂದ್ರಲ್ಲಿ ಇದ್ರೆ ಏನೂ ಕಾಣಲ್ಲ. ನಮ್ದು ಸರಿಯಾಗೇ ಇತ್ತು.

ಆಮೇಲೆ ಡಬ್ಬದ ಹಿಂದೆ ವೈರ್ ಎಲ್ಲಿ ಸಿಕ್ಸವ್ರೆ ಅಂತ ನೋಡಿದ್ವು. ಗ್ರಾಫಿಕ್ಸ್ ಕಾರ್ಡ್ ಹಾಕಿದ್ಮೇಲೆ ಎಚ್‌ಡಿಎಂಐ ತೂತು ಎರಡು ಕಡೆ ಇರುತ್ತೆ. ಮೇಲ್ಗಡೆ, ಕೀಬೋರ್ಡು ಮೌಸು ಸಿಕ್ಸೋ ಜಾಗದ ಹತ್ರ ಇರೋದು ಬೋರ್ಡಿಂದು. ಅದಕ್ಕಿಂತ ಕೆಳಗೆ ಅಡ್ಡಡ್ಡಕ್ಕೆ ಇರೋದು ಕಾರ್ಡಿಂದು. ಕಾರ್ಡು ಇದ್ದಾಗ ಸುಮಾರು ಬೋರ್ಡುಗಳು ತಮ್ಮ ತೂತಿನಿಂದ ಚಿತ್ರ ಕಳಿಸೋದನ್ನ ತಾವೇ ನಿಲ್ಲಿಸ್ತವೆ. ಆ ಹುಡುಗ ವೈರನ್ನ ಮೇಲ್ಗಡೇನೇ ಬಿಟ್ಟು ಹೋಗಿದ್ದ. ಕೆಳಗಿನ ಕಾರ್ಡಿಗೆ ಬದಲಾಯ್ಸಿದ್ವು. ಆದ್ರೂ ಕಪ್ಪು.

"ಸರಿ, ಈಗ ಬಿಚ್ಚಿ" ಅಂದ ಅಣ್ಣನ ಮಗ. ಬಿಚ್ಚೋ ಮುಂಚೆ ಮಾಡ್ಬೇಕಾಗಿದ್ದನ್ನ ಒಂದೊಂದೇ ಹೇಳ್ದ. ಸ್ವಿಚ್ ಆರ್ಸಿ, ಗೋಡೆಯಿಂದ ಪ್ಲಗ್ ಕಿತ್ತಿಡಿ. ಪ್ಲಗ್ ಕಿತ್ತ ಮೇಲೆ ಡಬ್ಬದ ಪವರ್ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದ ಕರೆಂಟ್ ಇಳಿದೋಗುತ್ತೆ. ನೈಲಾನ್ ಸೀರೆ ಉಜ್ಜಿದ್ರೆ ಚಟಚಟ ಅನ್ನುತ್ತಲ್ಲ, ಆ ಕರೆಂಟ್ ನಮ್ಮ ಮೈಲಿದ್ರೆ ರ‍್ಯಾಮಿಗೆ ಏಟು ಬೀಳುತ್ತೆ. ಅದಕ್ಕೆ ಕಾಟನ್ ಬಟ್ಟೆ ಹಾಕ್ಕೊಂಡು, ಡಬ್ಬದ ಬಣ್ಣ ಇಲ್ದಿರೋ ಕಬ್ಬಿಣದ ಜಾಗ ಒಂದ್ಸಲ ಮುಟ್ಟಿ ಆಮೇಲೆ ಒಳಗೆ ಕೈ ಹಾಕಿ. ಏನೇ ಕೀಳೋ ಮುಂಚೆ ಮೊಬೈಲಲ್ಲಿ ಒಂದು ಫೋಟೊ ತಗೊಳಿ, ಯಾವ ವೈರ್ ಎಲ್ಲಿತ್ತು ಅಂತ ಆಮೇಲೆ ಜಗಳ ಬೇಡ. ಎಸ್‌ಎಂಪಿಎಸ್ ಡಬ್ಬವನ್ನ ಮಾತ್ರ ಯಾವತ್ತೂ ಬಿಚ್ಚಬೇಡಿ, ಪ್ಲಗ್ ಕಿತ್ತಿದ್ರೂ ಅದ್ರೊಳಗೆ ಕರೆಂಟ್ ನಿಂತಿರುತ್ತೆ.

ನಾನು ಟಾರ್ಚ್ ಹಿಡ್ಕೊಂಡೆ, ಸೊಸೆ ಸ್ಕ್ರೂ ಬಿಚ್ಚಿದ್ಲು. ಹೊಸದಾಗಿ ಹಾಕಿದ ಎರಡನ್ನೂ ತೆಗೀರಿ, ಹಳೇದು ಹೆಂಗಿತ್ತೋ ಹಂಗೇ ಮಾಡಿ ಅಂದ. ಕಾರ್ಡಿನ ಹಿಂದಿನ ಸ್ಕ್ರೂ ಬಿಚ್ಚಿ, ಸ್ಲಾಟಿನ ತುದೀಲಿರೋ ಪ್ಲಾಸ್ಟಿಕ್ ಕೊಕ್ಕೆ ಒತ್ತಿ ಕಾರ್ಡ್ ತಗೆದ್ಲು. ಹೊಸ ರ‍್ಯಾಮ್ ತಗಿವಾಗ ನಾನು ಟಾರ್ಚ್ ಬೆಳಕಲ್ಲಿ ನೋಡ್ದೆ. ಅದ್ರ ಒಂದು ತುದಿ ಕೂತಿತ್ತು, ಇನ್ನೊಂದು ತುದಿ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. "ಅತ್ತೆ, ಕೊಕ್ಕೆ ಬಿಚ್ಚೋಕೆ ಮುಂಚೇನೇ ಈಚೆ ಬಂತು" ಅಂದ್ಲು ಸೊಸೆ. ಅಣ್ಣನ ಮಗ ಫೋನಲ್ಲೇ ನಕ್ಕ. "ಮುಂದಕ್ಕೆ ನೋಡಿ, ಈಗ್ಲೇ ತೀರ್ಮಾನ ಬೇಡ" ಅಂದ.

ಕಾರ್ಡಿಲ್ಲ, ಹೊಸ ರ‍್ಯಾಮಿಲ್ಲ. ಮಾನಿಟರ್ ವೈರನ್ನ ಬೋರ್ಡಿನ ತೂತಿಗೇ ವಾಪಸ್ ಹಾಕಿದ್ವು. ಪ್ಲಗ್ ಹಾಕಿ ಗುಂಡಿ ಒತ್ತಿದ್ಲು. ಪರದೆ ಬೆಳಗ್ತು! ಅವ್ಳ ಫೋಲ್ಡರ್‌ಗಳೆಲ್ಲ ಸಾಲಾಗಿ ಬಂದೋ. ಕೆ.ಆರ್. ನಗರದ ಮದುವೆ ಫೋಲ್ಡರ್ ತೆಗೆದು ಅಜ್ಜಿ ಫೋಟೊ ನೋಡಿದ್ಮೇಲೇ ಅವ್ಳಿಗೆ ನಂಬಿಕೆ ಬಂದಿದ್ದು. ನಂಗೆ ಆಗ್ಲೇ ಗೊತ್ತಾಗಿದ್ದು ಇನ್ನೊಂದು: ಸತ್ತೋಗಿರೋ ಬೋರ್ಡು ಹಿಂಗೆ ಎದ್ದು ಕೂರಲ್ಲ. 14,000ದ ಮಾತು ಅಲ್ಲಿಗೆ ಮುಗೀತು.

ಒಂದು ವಿಷ್ಯ ಇಲ್ಲೇ ಹೇಳ್ಬೇಕು. ನಮ್ಮ ಕಂಪ್ಯೂಟರಿನ ಪ್ರೊಸೆಸರಿಗೆ ತಾನೇ ಚಿತ್ರ ಮೂಡ್ಸೋ ಶಕ್ತಿ ಇತ್ತು, ಅದಕ್ಕೆ ಕಾರ್ಡ್ ಇಲ್ದೇನೂ ಡಿಸ್ಪ್ಲೇ ಬಂತು. ಇಂಟೆಲ್ ಪ್ರೊಸೆಸರ್ ನಂಬರಿನ ಕೊನೇಲಿ ‘ಎಫ್’ ಅಕ್ಷರ ಇದ್ರೆ ಅದಕ್ಕೆ ಆ ಶಕ್ತಿ ಇರಲ್ಲ. ಅಂಥದ್ರಲ್ಲಿ ಕಾರ್ಡ್ ತೆಗೆದ್ರೆ ಎಲ್ಲ ಸರಿ ಇದ್ರೂ ಪರದೆ ಕಪ್ಪಾಗೇ ಇರುತ್ತೆ, ಹಳೇ ಕಾರ್ಡ್ ಇದ್ರೆ ಅದನ್ನ ಹಾಕೇ ನೋಡ್ಬೇಕು.

ಇನ್ನು ಒಂದೊಂದೇ ಸೇರ್ಸೋ ಕೆಲ್ಸ. ಮತ್ತೆ ಪ್ಲಗ್ ಕಿತ್ತು ಮೊದ್ಲು ರ‍್ಯಾಮ್. ರ‍್ಯಾಮಿನ ಅಂಚಲ್ಲಿ ಒಂದು ಕಚ್ಚು ಇರುತ್ತೆ, ಸ್ಲಾಟಲ್ಲಿ ಅದಕ್ಕೆ ಸರಿಯಾಗಿ ಒಂದು ಉಬ್ಬು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಅಂತ ತಲೆಮಾರು ಬೇರೆ ಬೇರೆ. ಒಂದೊಂದಕ್ಕೂ ಕಚ್ಚಿನ ಜಾಗ ಬೇರೆ, ಒಂದು ಇನ್ನೊಂದ್ರ ಸ್ಲಾಟಿಗೆ ಕೂರಲ್ಲ. ಒತ್ತಿ ತುರುಕಿದ್ರೆ ಮುರಿಯೋದಷ್ಟೆ. ನಮ್ದು ಎರಡೂ ಡಿಡಿಆರ್4, ಸ್ಟಿಕ್ಕರಲ್ಲಿ ಓದಿ ನೋಡ್ಕೊಂಡ್ವು. ಚಿನ್ನದ ಬಣ್ಣದ ಹಲ್ಲುಗಳನ್ನ ಒಣಬಟ್ಟೇಲಿ ಒರೆಸಿ, ಎರಡು ತುದಿ ಮೇಲೂ ಹೆಬ್ಬೆರಳಿಟ್ಟು ಸಮವಾಗಿ ಒತ್ತಿದ್ಲು. ಟಕ್ ಅಂತ ಕೊಕ್ಕೆ ತಾನೇ ಮುಚ್ಕೊಂಡ್ತು. ಆ ಶಬ್ದ ಬರೋವರ್ಗೂ ಅದು ಕೂತಿಲ್ಲ ಅಂತಾನೇ ತಿಳ್ಕೊಳಿ. ಆನ್ ಮಾಡಿದ್ರೆ ಪರದೆ ಬಂತು, 16 ಜಿಬಿ ಅಂತ ತೋರ್ಸ್ತು.

ಬರ್ದೇ ಇದ್ದಿದ್ರೆ ಏನ್ ಮಾಡ್ಬೇಕಿತ್ತು ಅಂತಾನೂ ಕೇಳ್ಕೊಂಡೆ. ಹಳೇದನ್ನ ತೆಗೆದು ಹೊಸದೊಂದನ್ನೇ ಹಾಕಿ ನೋಡೋದು, ಸ್ಲಾಟ್ ಬದಲಾಯ್ಸಿ ನೋಡೋದು, ಆ ಹಲ್ಲುಗಳನ್ನ ಮಕ್ಕಳ ಬಿಳೀ ರಬ್ಬರಲ್ಲಿ ಮೆಲ್ಲಗೆ ಉಜ್ಜಿ ಪುಡಿ ಒರೆಸಿ ಹಾಕೋದು. ಹೊಸ ಡಿಡಿಆರ್5 ಕಂಪ್ಯೂಟರ್ ಆದ್ರೆ ರ‍್ಯಾಮ್ ಹಾಕಿದ ಮೊದಲ್ನೇ ಸಲ ಪರದೆ ಬರೋಕೆ ಕೆಲವು ನಿಮಿಷಾನೇ ಹಿಡೀಬಹುದು. ಅನ್ನ ಬೇಯೋಕೆ ಮುಂಚೆ ಮುಚ್ಚಳ ತೆಗೆದಂಗೆ ಆತುರವಾಗಿ ಆಫ್ ಮಾಡಬಾರ್ದು.

ಆಮೇಲೆ ಕಾರ್ಡು. ಇದನ್ನ ಹಾಕಿದ್ರೆ ಮತ್ತೆ ಕಪ್ಪು! ಸೊಸೆ ನನ್ನ ಮುಖ ನೋಡಿದ್ಲು. ಆದ್ರೆ ಈಗ ಭಯ ಇರ್ಲಿಲ್ಲ, ತೊಂದ್ರೆ ಕಾರ್ಡಿನ ಕಡೇನೇ ಅಂತ ಇಬ್ರಿಗೂ ಗೊತ್ತಿತ್ತು. ಎರಡೂ ಒಟ್ಟಿಗೆ ಹಾಕಿದ್ದಾಗ ಎರಡು ತಪ್ಪು ಒಂದ್ರ ಮೇಲೊಂದು ಕೂತು ಯಾವ್ದೂ ಕಾಣ್ದಂಗೆ ಆಗಿತ್ತು ನೋಡಿ.

"ಕಾರ್ಡಿನ ತಲೆ ಮೇಲೆ ಆರು ತೂತಿನ ಚಿಕ್ಕ ಸಾಕೆಟ್ ಅದೆಯಾ ನೋಡವ್ವ" ಅಂದ ಅಣ್ಣನ ಮಗ ಸೊಸೆಗೆ. ಇತ್ತು. ಬರಿದಾಗಿತ್ತು. ಬೋರ್ಡಿನ ಸ್ಲಾಟಿಂದ ಕಾರ್ಡಿಗೆ ಹೆಚ್ಚು ಅಂದ್ರೆ 75 ವ್ಯಾಟ್ ಕರೆಂಟ್ ಸಿಗುತ್ತಂತೆ. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್ಸಿಂದ ಬೇರೆ ವೈರ್ ಕೊಡ್ಬೇಕು. ಆರು ಪಿನ್ನಿಂದು ಇನ್ನೊಂದು 75 ವ್ಯಾಟ್, ಎಂಟು ಪಿನ್ನಿಂದು 150 ವ್ಯಾಟ್. ವೈರ್ ಎಲ್ಲಿ ಅಂತ ಹುಡುಕಿದ್ರೆ ಡಬ್ಬದ ತಳದಲ್ಲಿ ಮಿಕ್ಕ ವೈರುಗಳ ಜೊತೆ ಟ್ಯಾಗ್ ಕಟ್ಟಿ ಮಲಗ್ಸಿದ್ರು. ಅದಕ್ಕೂ ಮುಂಚೆ ಅಂವ ಎಸ್‌ಎಂಪಿಎಸ್ ಮೇಲಿನ ಚೀಟಿ ಓದ್ಸಿದ, ಎಷ್ಟು ವ್ಯಾಟಿಂದು ಅಂತ. ಕಾರ್ಡಿನ ಡಬ್ಬದ ಮೇಲೆ ಬರೆದಿದ್ದಕ್ಕೆ ಸಾಲುತ್ತೆ ಅಂತ ಆದ್ಮೇಲೇ ಪ್ಲಗ್ ಕಿತ್ತು, ಟ್ಯಾಗ್ ಬಿಚ್ಚಿ ವೈರ್ ಸಿಕ್ಸಿದ್ಲು. ಇದಕ್ಕೂ ಟಕ್ ಅನ್ನೋ ಶಬ್ದ. ಮಾನಿಟರ್ ವೈರನ್ನ ಕಾರ್ಡಿಗೆ ಹಾಕಿ ಆನ್ ಮಾಡಿದ್ರೆ ಪರದೆ ಬಂತು. ಗಂಟೆ ಹನ್ನೊಂದೂವರೆ. ನಮ್ಮ ಯಜಮಾನ್ರು ಎದ್ದು ಬಂದು, "ಬಂತಾ?" ಅಂದ್ರು. ಬಂತು ಅಂದ್ವು. ಸುಮ್ನೆ ಹೋಗಿ ಮಲಗಿದ್ರು.

ಒಂದು ರೂಪಾಯಿ ಖರ್ಚಿಲ್ಲ. ಒಂದು ಸ್ಕ್ರೂಡ್ರೈವರು, ಒಂದು ಟಾರ್ಚು, ಎರಡು ಗಂಟೆ ಹೊತ್ತು.

ನಮ್ಮನೇಲಿ ಬೇಕಾಗ್ಲಿಲ್ಲ, ಆದ್ರೂ ನಿಮ್ಗೆ ಬೇಕಾಗ್ಬಹುದು ಅಂತ ಇನ್ನೂ ನಾಕು ಮಾತು. ಬೋರ್ಡಲ್ಲಿ ದುಂಡಗೆ ಒಂದು ಬ್ಯಾಟ್ರಿ ಇರುತ್ತೆ, ಸಿಆರ್2032 ಅಂತ, 3 ವೋಲ್ಟು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅದ್ರ ನಂಬರೇ ಅದ್ರ ಅಳತೆ. ಹೊಸ ಪಾರ್ಟ್ ಹಾಕಿದ್ಮೇಲೆ ಬೋರ್ಡಿನ ಹಳೇ ಸೆಟ್ಟಿಂಗ್ ಹೊಂದ್ಲಿಲ್ಲ ಅಂದ್ರೂ ಕೆಲವು ಸಲ ಪರದೆ ಬರಲ್ಲ. ಪ್ಲಗ್ ಕಿತ್ತು, ಆ ಬ್ಯಾಟ್ರೀನ ಐದು ಹತ್ತು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದ್ರೆ ಸೆಟ್ಟಿಂಗ್ ಮೊದಲಿನಂತೆ ಆಗುತ್ತೆ. ಪ್ರೊಸೆಸರ್ ಬದಲಾಯ್ಸಿದ್ರೆ ಬೋರ್ಡಿನ ಬಯಾಸ್ ಹೊಸ ಪ್ರೊಸೆಸರನ್ನ ಗುರುತು ಹಿಡಿಯೋ ಅಂಥದಾಗಿರ್ಬೇಕು, ಅದನ್ನ ಹಳೇ ಪ್ರೊಸೆಸರ್ ಇದ್ದಾಗ್ಲೇ ಅಪ್‌ಡೇಟ್ ಮಾಡ್ಸೋದು ಒಳ್ಳೇದು. ಆನ್ ಮಾಡಿದ ಕೂಡ್ಲೇ ಕಂಪ್ಯೂಟರ್ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳುತ್ತೆ. ಕೆಲವು ಬೀಪ್ ಬೀಪ್ ಅಂತ ಕೂಗ್ತವೆ, ಕೆಲವ್ರಲ್ಲಿ ಬೋರ್ಡ್ ಮೇಲೆ ರ‍್ಯಾಮಿಗೊಂದು ಕಾರ್ಡಿಗೊಂದು ಅಂತ ಸಣ್ಣ ದೀಪ ಹತ್ತುತ್ತೆ. ಎಷ್ಟು ಸಲ ಕೂಗ್ತು, ಯಾವ ದೀಪ ಹತ್ತಿ ನಿಂತ್ಕೊಂಡ್ತು ಅಂತ ಬರ್ದಿಟ್ಕೊಂಡು ರಿಪೇರಿಯೋರಿಗೆ ಹೇಳಿದ್ರೆ ಅರ್ಧ ಕೆಲ್ಸ ಆದಂಗೆ. ಸುಟ್ಟ ವಾಸನೆ ಬಂದ್ರೆ, ಕಿಡಿ ಕಂಡ್ರೆ, ಬೋರ್ಡಿನ ಮೇಲಿನ ಸಣ್ಣ ಡ್ರಮ್ಮಿನಂಥವು ತಲೆ ಉಬ್ಬಿದ್ರೆ ನೀವು ಕೈ ಹಾಕ್ಬೇಡಿ, ತಿಳಿದೋರಿಗೇ ಕೊಡಿ.

ಅಂಗಡಿ ಹುಡುಗನಿಗೆ ಮಾರನೇ ದಿನ ಸೊಸೇನೇ ಫೋನ್ ಮಾಡಿದ್ಲು. ಬಯ್ಯಲಿಲ್ಲ. ರ‍್ಯಾಮ್ ಒಂದು ಕಡೆ ಕೂತಿರ್ಲಿಲ್ಲ, ಕಾರ್ಡಿಗೆ ಪವರ್ ವೈರ್ ಹಾಕಿರ್ಲಿಲ್ಲ, ಈಗ ಸರಿ ಆಗದೆ ಅಂದ್ಲು. "ಇನ್ಮೇಲೆ ನಮ್ಮನೇಗೆ ಬಂದ್ರೆ ಒಂದು ಹಾಕಿ, ಆನ್ ಮಾಡಿ ನಂಗೆ ತೋರ್ಸಿ, ಆಮೇಲೆ ಇನ್ನೊಂದು ಹಾಕಪ್ಪ" ಅಂದ್ಲು. ಅಂವ ಹೂಂ ಕನಕ್ಕ ಅಂದ. ಮೊದ್ಲೆಲ್ಲ ಅವ್ನು ಬಂದ್ರೆ ಇವ್ಳು ಬಾಗ್ಲ ಹಿಂದೆ ನಿಂತು, "ಎಷ್ಟಾಯ್ತದೆ?" ಅಂತ ಕೇಳೋಳು. ಈಗ "ಯಾವ್ದು ತೆಗೆದು ನೋಡಿದ್ರಿ?" ಅಂತ ಕೇಳ್ತಾಳೆ. ಆ ಒಂದು ಮಾತು ಕೇಳೋಕೆ ಇಂಜಿನಿಯರ್ ಓದ್ಬೇಕಾಗಿಲ್ಲ ಕಣ್ರವ್ವ, ನೀವೂ ಕೇಳಿ.

ಇನ್ನೊಂದು ಕೆಲ್ಸಾನೂ ಆಯ್ತು. ಫೋಟೊ ಒಂದೇ ಕಡೆ ಇರಬಾರ್ದು ಅಂತ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದವ್ಳೆ. ಹೊಸ ಮದುವೆ ಫೋಟೊ ಬಂದ್ರೆ ಮೊದ್ಲು ಅದಕ್ಕೆ ಕಾಪಿ ಮಾಡಿ, ಅಲಮೇರದಲ್ಲಿ ಸೀರೆ ಕೆಳಗಿಟ್ಟು ಆಮೇಲೇ ಕೆಲ್ಸಕ್ಕೆ ಕೂರೋದು.

ಕೆ.ಆರ್. ನಗರದ ಆಲ್ಬಮ್ ಒಪ್ಕೊಂಡ ದಿನಕ್ಕೇ ಹೋಯ್ತು. ಅಜ್ಜಿ ಅಕ್ಷತೆ ಹಾಕೋ ಫೋಟೋನ ಒಂದಿಡೀ ಹಾಳೆಗೆ ದೊಡ್ಡದಾಗಿ ಹಾಕಿದ್ಲು, ಆ ಹಾಳೆಗೆ ದುಡ್ಡು ಬ್ಯಾಡ ಅಂದ್ಲು. ಮಿಕ್ಕ ಹಾಳೆಗಳ ದುಡ್ಡು ಬಂತು. ಆ ವಾರದ ಸಂಘದ ಕಂತೂ ಕಟ್ಟಿದ್ಲು.